ನೂರೆಂಟು ಕೊಂಡಿಯ ಚೈನು

ತೊಂದರೆ ಶುರುವಾದದ್ದು ‘ಕಿಚ್’ ಎಂಬ ಒಂದು ಸದ್ದಿನಿಂದ. ಬಾಗಿಲ ಸಂದಿಗೆ ಬಾಲ ಸಿಕ್ಕಿಸಿಕೊಂಡ ಇಲಿಮರಿ ಕೂಗಿದಂತಿದ್ದ ಈ ಸದ್ದು, ಮೂರು ಶನಿವಾರಗಳಿಂದ ಯೋಗ್ಯಕರ್ತಾದ ಒಂದು ಕಚೇರಿಯ ಸೈಕಲ್ ಬಳಗದ ನೆಮ್ಮದಿ ಕೆಡಿಸಿತ್ತು. ಬಳಗದಲ್ಲಿ ಏಳು ಜನ. ಆರು ಜನರದು ಹೊಸ ರೇಸ್ ಸೈಕಲ್ಲು. ಏಳನೆಯದು, ಕಡತದ ಕೋಣೆಯ ಗುಮಾಸ್ತ ಸುಬಾಗ್ಯೊನದು, ಎರಡು ಕೈ ದಾಟಿ ಬಂದದ್ದು. ಹಾಗಿದ್ದ ಮೇಲೆ ಸದ್ದು ಯಾರದೆಂದು ಯಾರೂ ಕೂತು ಯೋಚಿಸುವ ಅಗತ್ಯ ಬೀಳಲಿಲ್ಲ.

ಕಚೇರಿಯ ಮುಖ್ಯಸ್ಥರಾದ, ಗೌರವಕ್ಕೆ ಎಲ್ಲರೂ ಪಾಕ್ ಎಂದೇ ಕರೆಯುವ ಪಾಕ್ ದರ್ಮಾಂತೊ ಮೊದಲ ಶನಿವಾರವೇ ತೀರ್ಪು ಕೊಟ್ಟಿದ್ದರು, ಅದು ಸುಬಾಗ್ಯೊನ ಚೈನು ಎಂದು. ಮಿಕ್ಕ ಐವರು ತಲೆಯಾಡಿಸಿದ್ದರು. ನಮ್ಮ ಜಾವಾದಲ್ಲಿ ದೊಡ್ಡವರ ತಲೆ ಆಡಿತೆಂದರೆ ಚಿಕ್ಕವರ ತಲೆಗಳು ತಾವಾಗಿಯೇ ಆಡುತ್ತವೆ. ಇದನ್ನು ನಾವು ಮರ್ಯಾದೆ ಅನ್ನುತ್ತೇವೆ. ಸುಬಾಗ್ಯೊ ಕೂಡ ತಲೆಯಾಡಿಸಿದ್ದ. ಎರಡನೇ ಶನಿವಾರ ಅವನನ್ನು ಸಾಲಿನ ಕೊನೆಗೆ ಕಳಿಸಿದರು. ಮೂರನೇ ಶನಿವಾರ ಅವನು ಕೊನೆಯವನಿಗಿಂತಲೂ ಐವತ್ತು ಮಾರು ಹಿಂದೆ ಬಂದ. ಆದರೂ ಮುಂಚೂಣಿಯಲ್ಲಿದ್ದ ಪಾಕ್ ದರ್ಮಾಂತೊ ಅವರಿಗೆ ಸದ್ದು ಕೇಳಿಸುತ್ತಲೇ ಇತ್ತು.

“ಅಷ್ಟು ದೂರದಿಂದ್ಲೂ ಕೇಳುತ್ತೆ ಅಂದ್ರೆ ಅದೆಂಥ ಚೈನು ಇರ್ಬೇಕು ನೋಡಿ,” ಎಂದು ಅವರು ಮಿಕ್ಕವರಿಗೆ ಹೇಳಿದರು. ಆಮೇಲೆ ಸುಬಾಗ್ಯೊನ ಕಡೆ ತಿರುಗಿ, ಅಣ್ಣಾ ಎನ್ನುವ ಹಾಗೆ ಮಾಸ್ ಎಂದು ಕರೆದು, “ಮುಂದಿನ ಶನಿವಾರ ಬಳಗದ ಹೊಸ ಅಂಗಿ ಬರುತ್ತೆ ಮಾಸ್. ಚೈನು ಸುಮ್ಮನಿದ್ರೆ ನಿಮ್ಮ ಅಂಗಿ ನಿಮಗೆ. ಕಿಚ್ ಅಂದ್ರೆ ನನ್ನ ಚೀಲದಲ್ಲೇ ಇರುತ್ತೆ,” ಎಂದರು.

ಆ ಅಂಗಿ ನೀಲಿ ಬಣ್ಣದ್ದು. ಬೆನ್ನಿನ ಮೇಲೆ ಅವರವರ ಹೆಸರು ಹಳದಿ ದಾರದಲ್ಲಿ ಹೊಲಿದಿತ್ತು. ಹೆಸರಿನಲ್ಲೇ ಭಾಗ್ಯ ಇಟ್ಟುಕೊಂಡಿದ್ದ ಸುಬಾಗ್ಯೊನಿಗೆ ಹದಿನಾಲ್ಕು ವರ್ಷದ ನೌಕರಿಯಲ್ಲಿ ಆ ಹೆಸರನ್ನು ಹಾಜರಿ ಪುಸ್ತಕದ ಆಚೆ ಎಲ್ಲೂ ನೋಡುವ ಭಾಗ್ಯ ಬಂದಿರಲಿಲ್ಲ. ಅವನ ಹೆಂಡತಿ ಲಾಸ್ತ್ರಿ ಆಗಲೇ ಮುಂದಿನ ಕೋಣೆಯಲ್ಲಿ ಒಂದು ಮೊಳೆ ಹೊಡೆದಿದ್ದಳು. ಆ ಮೊಳೆ ಯಾಕೆಂದು ಓಣಿಯವರಿಗೆಲ್ಲ ಹೇಳಿಯೂ ಆಗಿತ್ತು.

ಹೀಗಾಗಿ ಆ ನಾಲ್ಕನೇ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಸುಬಾಗ್ಯೊ ಲುಂಗಿ ಮೇಲೆ ಕಟ್ಟಿ, ಓಣಿಯಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದ. ಸವಾರಿ ಇದ್ದದ್ದು ಸಂಜೆ ನಾಲ್ಕಕ್ಕೆ. ಒಂಬತ್ತು ಗಂಟೆ ಕಾಲ ಕೈಯಲ್ಲಿತ್ತು. ಇವತ್ತು ಈ ಚೈನಿನ ಬಾಯಿ ಮುಚ್ಚಿಸದೆ ಊಟ ಮಾಡುವುದಿಲ್ಲ ಎಂದು ಅವನು ಹೆಂಡತಿಗೆ ಹೇಳಿದ.

ಲಾಸ್ತ್ರಿ ಕೈಯಿಂದ ಪೆಡಲು ತಿರುಗಿಸಿ ಕಿವಿಗೊಟ್ಟಳು. “ಇದು ಕಿಚ್ ಅನ್ನಲ್ವಲ್ಲ ಮಾಸ್. ಬರೀ ಕರಕರ ಅಂತಿದೆ.”

“ಮೇಲೆ ಭಾರ ಬಿದ್ರೆ ಮಾತ್ರ ಅನ್ನುತ್ತೆ.”

“ಹಾಗಾದ್ರೆ ಹತ್ತಿ ಓಡಿಸಿ, ನಾನು ಕೇಳ್ತೀನಿ.”

“ಏಳು ಜನ ಕೇಳಿದಾರೆ, ನೀನೊಬ್ಬಳು ಕೇಳ್ಬೇಕಾ?” ಎಂದು ಸುಬಾಗ್ಯೊ ಚೈನಿನ ಜೋಡಣೆ ಕೊಂಡಿ ಬಿಚ್ಚಿದ.

ಚೈನು ಕೊಳೆಯಲ್ಲಿ ಕರ್ರಗಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಅವನು ಬೋಗುಣಿಗೆ ಸೀಮೆಎಣ್ಣೆ ಸುರಿದು, ಬಚ್ಚಲಲ್ಲಿದ್ದ ಹಳೇ ಹಲ್ಲುಜ್ಜುವ ಬ್ರಷ್ ತಂದು ತಿಕ್ಕಲು ಕೂತ. ಒಂದು ಗಂಟೆ ಕಾಲ ತಿಕ್ಕಿದ ಮೇಲೆ ಬೋಗುಣಿಯ ಸೀಮೆಎಣ್ಣೆ ಕಪ್ಪಾಗಿ, ಚೈನಿನ ಒಳಗಿನ ಕಬ್ಬಿಣ ಅಲ್ಲಲ್ಲಿ ಕಣ್ಣು ಬಿಟ್ಟಿತು. ಆ ಬ್ರಷ್ ಹಳೆಯದಲ್ಲ, ನಿನ್ನೆ ತಂದದ್ದು, ತನ್ನದು ಎಂದು ಲಾಸ್ತ್ರಿ ಹೇಳಿದ್ದು ಆಮೇಲೆ.

ಆಗ ಪಕ್ಕದ ಮನೆಯ ಪಾಕ್ ಕಸಿಯೊ ತಮ್ಮ ಕಾಡುಪಾರಿವಾಳದ ಪಂಜರ ಹಿಡಿದು ಹೊರಗೆ ಬಂದರು. ಮೂವತ್ತೊಂದು ವರ್ಷ ರೈಲು ಇಂಜಿನ್‌ಗಳಿಗೆ ಎಣ್ಣೆ ಹಾಕಿ ನಿವೃತ್ತರಾದವರು. ಯಾರ ಮನೆಯ ಬಾಗಿಲ ತಿರುಗಣಿ ಕೂಗಿದರೂ ಕರೆಯದೆ ಹೋಗುವವರು. ಸುಬಾಗ್ಯೊನ ಕೈಯಲ್ಲಿದ್ದ ಚೈನನ್ನು ನೋಡಿ ಅವರು ಪಂಜರವನ್ನು ಮೊದಲು ಜೋಪಾನವಾಗಿ ನೇತುಹಾಕಿದರು. ಒಳಗೆ ಹೋಗಿ ಒಂದು ಡಬ್ಬಿ ತಂದರು. ಅದರಲ್ಲಿ ಹಲಸಿನ ಮೇಣದಷ್ಟು ಗಟ್ಟಿಯಾದ ಗ್ರೀಸು.

“ಇಂಜಿನ್ನೇ ಸುಮ್ಮನಾಗಿದೆ ಇದಕ್ಕೆ. ನಿಮ್ಮ ಸೈಕಲ್ಲು ಯಾವ ಲೆಕ್ಕ,” ಎಂದರು.

ಸೈಕಲ್ ಚೈನಿಗೆ ಗ್ರೀಸು ಹಾಕಬಾರದೆಂದು ಸುಬಾಗ್ಯೊನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎಪ್ಪತ್ತು ದಾಟಿದವರು ಡಬ್ಬಿಯ ಮುಚ್ಚಳ ತೆಗೆದು ಎದುರಿಗೆ ನಿಂತಾಗ ಬೇಡ ಅನ್ನುವ ನಾಲಿಗೆ ಅವನಿಗೆ ದೇವರು ಕೊಟ್ಟಿರಲಿಲ್ಲ. ಹಚ್ಚಿದ. ಅವರು ತೋರಿಸಿದಂತೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಚ್ಚಿ, ಚೈನನ್ನು ತಂತಿಯ ಮೇಲೆ ನೇತುಹಾಕಿದ. ಆ ಹೊತ್ತಿಗೆ ಸರಿಯಾಗಿ ಓಣಿಯ ಹೆಂಗಸರು ವಾರದ ಕಸ ಗುಡಿಸಲು ಹೊರಟರು. ಒಣ ಮಣ್ಣು, ಕೋಳಿಯ ಪುಕ್ಕ, ಶೇಂಗಾ ಸಿಪ್ಪೆ, ಏನೇನು ಗಾಳಿಗೆ ಎದ್ದಿತೋ ಅದೆಲ್ಲ ಬಂದು ಚೈನಿಗೆ ಮೆತ್ತಿಕೊಂಡಿತು. ಎಳ್ಳಿನಲ್ಲಿ ಹೊರಳಿಸಿದ ತಿಂಡಿಯಂತಾಯಿತು ಅದು. ಪಾಕ್ ಕಸಿಯೊ ಇದು ಗ್ರೀಸಿನ ತಪ್ಪಲ್ಲ, ಪೊರಕೆಯ ತಪ್ಪು ಎಂದು ಹೇಳಿ ಪಾರಿವಾಳಕ್ಕೆ ಕಾಳು ಹಾಕಲು ಹೋದರು.

ಸುಬಾಗ್ಯೊ ಮತ್ತೆ ಸೀಮೆಎಣ್ಣೆಗೆ ಕೂತ. ಹತ್ತೂವರೆಗೆ ಹರ್ಯಾದಿ ಆ ಕಡೆ ಬಂದ. ಅವನು ಕಚೇರಿಯ ಸಹೋದ್ಯೋಗಿ, ಬಳಗದ ಸಾಲಿನಲ್ಲಿ ಮುಖ್ಯಸ್ಥರ ಬೆನ್ನ ಹಿಂದೆಯೇ ಇರುವವನು. ಇವನ ಅವಸ್ಥೆ ನೋಡಿ ಅವನ ಮುಖ ಸಣ್ಣದಾಯಿತು.

“ಹರ್ಯಾದಿ, ನಿಜ ಹೇಳು. ನನ್ನದೇ ತಾನೆ ಸದ್ದು?”

ಹರ್ಯಾದಿ ಪಂಜರದ ಪಾರಿವಾಳವನ್ನು ಬಹಳ ಹೊತ್ತು ನೋಡಿದ. “ಪಾಕ್ ದರ್ಮಾಂತೊ ಹೇಳಿದ್ಮೇಲೆ ನಿಮ್ಮದೇ ಇರ್ಬೇಕು,” ಎಂದ. ಆಮೇಲೆ ಏನೋ ಋಣ ತೀರಿಸುವವನಂತೆ, ಈಗಿನ ದೊಡ್ಡ ದೊಡ್ಡ ಸವಾರರು ಎಣ್ಣೆ ಹಾಕುವುದೇ ಇಲ್ಲವೆಂದೂ, ಚೈನನ್ನು ಕಾಯಿಸಿದ ಮೇಣದಲ್ಲಿ ಅದ್ದಿ ತೆಗೆಯುತ್ತಾರೆಂದೂ, ಆಮೇಲೆ ಅದು ಬೆಕ್ಕಿನ ಹೆಜ್ಜೆಯಷ್ಟೂ ಸದ್ದು ಮಾಡುವುದಿಲ್ಲವೆಂದೂ ಹೇಳಿ, ತನ್ನ ಫೋನಿನಲ್ಲಿ ತೋರಿಸಿ ಹೋದ.

ಕಾಯಿಸಿದ ಮೇಣ. ಸುಬಾಗ್ಯೊ ತಲೆಯೆತ್ತಿದ. ಎದುರು ಮನೆಯ ಜಗಲಿಯಲ್ಲಿ, ಅಮ್ಮಾ ಎನ್ನುವ ಹಾಗೆ ಓಣಿಯೆಲ್ಲ ಬು ಎಂದು ಕರೆಯುವ ಬು ಸಗಿನೆಮ್ ಬಟ್ಟೆಯ ಮೇಲೆ ಮೇಣದಲ್ಲಿ ಬಾತಿಕ್ ಚಿತ್ತಾರ ಬರೆಯುತ್ತ ಕೂತಿದ್ದರು. ಅವರ ಪಕ್ಕದ ಪುಟ್ಟ ಒಲೆಯ ಮೇಲೆ ಬಾಣಲೆ. ಬಾಣಲೆಯಲ್ಲಿ ಮೇಣ ಸಣ್ಣಗೆ ಹೊಗೆಯಾಡುತ್ತಿತ್ತು. ನಲವತ್ತು ವರ್ಷದಿಂದ ಅಲ್ಲೇ ಹೊಗೆಯಾಡುತ್ತಿತ್ತು. ದೇವರು ಎದುರು ಮನೆಯಲ್ಲೇ ಇಟ್ಟಿದ್ದನ್ನು ತಾನು ನೋಡಲಿಲ್ಲವಲ್ಲ ಎಂದು ಸುಬಾಗ್ಯೊನಿಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಬು ಸಗಿನೆಮ್ ಚಹಾ ಕಾಯಿಸಲು ಎದ್ದು ಒಳಗೆ ಹೋದರು. ಒಂದು ನಿಮಿಷದ ಕೆಲಸ, ಕೇಳುವುದೇನು ಎಂದುಕೊಂಡು ಅವನು ಚೈನನ್ನು ತಂತಿಗೆ ಸಿಕ್ಕಿಸಿ ಬಾಣಲೆಯಲ್ಲಿ ಅದ್ದಿದ. ನೂರೆಣಿಸಿ ಮೇಲೆತ್ತಿದ. ಎತ್ತುವಾಗ ಅದು ತೂಗಾಡಿ, ಚೌಕಟ್ಟಿನ ಮೇಲೆ ಹರಡಿದ್ದ ಬಿಳೀ ಬಟ್ಟೆಯ ಉದ್ದಕ್ಕೂ ಕೊಂಡಿ ಕೊಂಡಿಯಾಗಿ ಮೇಣ ಸುರಿಸುತ್ತ ಹೋಯಿತು. ಮನೆಯ ಮುಂದೆ ಬಂದು ಆರಲು ಹಿಡಿದರೆ ಚೈನು ಬಾಗಲೇ ಇಲ್ಲ. ಮೇಷ್ಟರ ಬೆತ್ತದಂತೆ ನೆಟ್ಟಗೆ ನಿಂತಿತು.

ಚಹಾ ಲೋಟದೊಂದಿಗೆ ಹೊರಬಂದ ಬು ಸಗಿನೆಮ್ ಮೊದಲು ಬಟ್ಟೆ ನೋಡಿದರು, ಆಮೇಲೆ ಬೆತ್ತ ನೋಡಿದರು. ಕೂಗಾಡಲಿಲ್ಲ. ಅವರು ಮೆಲ್ಲಗೆ ಮಾತಾಡಿದರೆ ಓಣಿಯ ಗಂಡಸರಿಗೆ ಇನ್ನೂ ಹೆದರಿಕೆ.

“ನಮ್ಮ ಮೇಣಕ್ಕೆ ರಾಳ ಹಾಕಿರ್ತೀವಿ ಮಾಸ್. ಬಟ್ಟೆ ಬಿಟ್ಟು ಏಳಬಾರದು ಅಂತ. ಇದು ಸೈಕಲ್ಲಿಗಲ್ಲ.”

“ತಪ್ಪಾಯ್ತು ಬು. ಈಗ ಇದನ್ನ ಬಿಡಿಸೋದು ಹೇಗೆ?”

“ಬಟ್ಟೆಯಿಂದ ಹೇಗೆ ಬಿಡಿಸ್ತೀವೋ ಹಾಗೇ. ಬನ್ನಿ, ಕೋಲು ಹಿಡೀರಿ.”

ಹಿತ್ತಿಲಿನಲ್ಲಿ ಸೋಡಾ ಹಾಕಿದ ನೀರು ದೊಡ್ಡ ಹಂಡೆಯಲ್ಲಿ ಕುದಿಯುತ್ತಿತ್ತು. ಅವತ್ತು ಬಣ್ಣ ಅದ್ದಿ ಮುಗಿದು, ಮೇಣ ಬಿಡಿಸಬೇಕಾದ ಹನ್ನೊಂದು ಬಟ್ಟೆಗಳಿದ್ದವು. ಅವನ್ನು ಒಂದೊಂದಾಗಿ ಮುಳುಗಿಸಿ, ಕೋಲಿನಲ್ಲಿ ತಿರುವಿ ಎತ್ತುವ ಶಿಕ್ಷೆಯನ್ನು ಸುಬಾಗ್ಯೊ ಎರಡೂವರೆ ಗಂಟೆ ಅನುಭವಿಸಿದ. ಆವಿಗೆ ಅವನ ಹುಬ್ಬುಗಳಿಂದ ನೀರು ತೊಟ್ಟಿಕ್ಕಿತು. ಹನ್ನೊಂದೂ ಮುಗಿದ ಮೇಲೆ ಕಡೆಯದಾಗಿ ಚೈನನ್ನು ಬಿಡಲು ಅಪ್ಪಣೆಯಾಯಿತು. ಅದು ಹೊರಬಂದಾಗ ಮಾತ್ರ ಇಬ್ಬರೂ ಬಗ್ಗಿ ನೋಡಿದರು. ಮೇಣ ತಾನು ಹೋಗುವಾಗ ಸೀಮೆಎಣ್ಣೆಗೂ ಬಗ್ಗದ ಹಳೇ ಜಿಡ್ಡನ್ನೆಲ್ಲ ಕರೆದುಕೊಂಡೇ ಹೋಗಿತ್ತು. ಚೈನು ಅಕ್ಕಸಾಲಿಯ ಅಂಗಡಿಯಿಂದ ಈಗಷ್ಟೇ ಬಂದಂತೆ ಹೊಳೆಯುತ್ತಿತ್ತು.

“ನನ್ನ ಬಟ್ಟೇನ ನಿಮ್ಮ ಹೆಂಡತಿಗೆ ಕೊಡ್ತೀನಿ, ಕಿಟಕಿ ಪರದೆ ಹೊಲೀಲಿ. ದಿನಾ ನೋಡ್ಕೊಂಡಿರಿ,” ಎಂದು ಬು ಸಗಿನೆಮ್ ಅವನನ್ನು ಕಳಿಸಿದರು.

ಈಗ ಉಳಿದದ್ದು ಎಣ್ಣೆ. ಚೈನನ್ನು ಬಟ್ಟೆಯಿಂದ ಒರೆಸಿ, ಬಿಸಿಲಲ್ಲಿ ಒಣಗಿಸಿ, ಸೈಕಲ್ಲಿಗೆ ಏರಿಸಿ, ಲಾಸ್ತ್ರಿಯ ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಶೀಶೆ ಹಿಡಿದು ಅವನು ಕೂತ. ಒಂದು ಕೊಂಡಿಗೆ ಒಂದೇ ಹನಿ; ಒಟ್ಟು ನೂರೆಂಟು ಕೊಂಡಿ. ಜಪಕ್ಕೆ ಕೂತವನಂತೆ ತುಟಿ ಆಡಿಸುತ್ತ ಅರವತ್ತಮೂರಕ್ಕೆ ಬಂದಿದ್ದಾಗ ಪಾಕ್ ಕಸಿಯೊ ಬಂದು ಈಗ ಗಂಟೆಯೆಷ್ಟು ಎಂದು ಕೇಳಿದರು. ಎರಡು ಎಂದು ಹೇಳುವಷ್ಟರಲ್ಲಿ ಎಣಿಕೆ ತಪ್ಪಿತು. ಅವನು ಎಲ್ಲವನ್ನೂ ಒರೆಸಿ ಒಂದರಿಂದ ಮತ್ತೆ ಹಿಡಿದ. ನೂರೆಂಟೂ ಆದಮೇಲೆ ಪೆಡಲು ತಿರುಗಿಸಿ ಎಣ್ಣೆಯನ್ನು ಒಳಗಿಳಿಸಿ, ಹೊರಗೆ ಉಳಿದದ್ದನ್ನು ಚಿಂದಿಯಿಂದ ಒರೆಸಿ ತೆಗೆದ. ಹಾಕಿದ ಎಣ್ಣೆಯನ್ನು ತಾನೇ ಒರೆಸುವ ಮನುಷ್ಯನನ್ನು ರೈಲಿನಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ಪಾಕ್ ಕಸಿಯೊ ಬೇಜಾರುಪಟ್ಟರು.

ಆಮೇಲೆ ಓಣಿಯೇ ಉಸಿರು ಹಿಡಿದು ನಿಂತಿರಲು, ಸುಬಾಗ್ಯೊ ಸೈಕಲ್ ಹತ್ತಿ ಈ ತುದಿಯಿಂದ ಆ ತುದಿಗೆ ಹೋಗಿಬಂದ. ಲಾಸ್ತ್ರಿ ಕಿವಿಗೊಟ್ಟಳು. ಬು ಸಗಿನೆಮ್ ಕಿವಿಗೊಟ್ಟರು. ಪಾರಿವಾಳ ಕೂಡ ಕತ್ತು ವಾರೆ ಮಾಡಿತು. ಏನೂ ಇಲ್ಲ. ನೀರಿನಲ್ಲಿ ಮೀನು ಹೋದಂತೆ ಹೋಯಿತು ಸೈಕಲ್ಲು. ಲಾಸ್ತ್ರಿ ಒಳಗೆ ಹೋಗಿ ಮೊಳೆಯ ಧೂಳು ಒರೆಸಿದಳು.

ನಾಲ್ಕಕ್ಕೆ ಬಳಗ ಇಮೋಗಿರಿಯ ಕಡೆ ಹೊರಟಿತು. ಮುಂದೆ ಪಾಕ್ ದರ್ಮಾಂತೊ, ಅವರ ಹಿಂದೆ ಹರ್ಯಾದಿ, ಮಿಕ್ಕವರು, ಕೊನೆಗೆ ಸುಬಾಗ್ಯೊ. ಗದ್ದೆಗಳ ನಡುವೆ ರಸ್ತೆ ನುಣ್ಣಗಿತ್ತು. ಬೆಳಿಗ್ಗೆಯಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಬೆನ್ನು ನೋಯುತ್ತಿತ್ತು, ಉಗುರುಗಳೆಲ್ಲ ಕಪ್ಪಾಗಿದ್ದವು. ಆದರೂ ಇಷ್ಟು ಸುಖವಾಗಿ ಅವನು ಎಂದೂ ಪೆಡಲು ತುಳಿದಿರಲಿಲ್ಲ.

ಎರಡು ಕಿಲೋಮೀಟರು ದಾಟಿ ಏರು ಶುರುವಾಗುವಲ್ಲಿ ಕೇಳಿಸಿತು. ಕಿಚ್.

ಸುಬಾಗ್ಯೊ ಬಗ್ಗಿ ತನ್ನ ಚೈನನ್ನು ನೋಡಿದ. ಅವನು ಪೆಡಲು ತುಳಿಯುವುದನ್ನು ನಿಲ್ಲಿಸಿದ. ಕಿಚ್, ಕಿಚ್. ತಾನು ತುಳಿಯದಿದ್ದರೂ ಕೂಗುವ ಚೈನು ಯಾವುದು? ಅವನು ಸ್ವಲ್ಪ ಮುಂದೆ ಹೋದ. ಸದ್ದು ದೊಡ್ಡದಾಯಿತು. ಒಬ್ಬರನ್ನು ದಾಟಿದ, ಇಬ್ಬರನ್ನು ದಾಟಿದ. ಅವರೆಲ್ಲ ಅವನತ್ತ ನೋಡಿ, ಬೇಡ ಬೇಡ ಎನ್ನುವಂತೆ ಕಣ್ಣಲ್ಲೇ ಬೇಡಿಕೊಂಡರು. ಹರ್ಯಾದಿಯ ಪಕ್ಕಕ್ಕೆ ಬಂದಾಗ ಸಂಶಯವೇ ಉಳಿಯಲಿಲ್ಲ. ಸದ್ದು ಬರುತ್ತಿದ್ದದ್ದು ಬಳಗದಲ್ಲೇ ದುಬಾರಿಯಾದ, ಚಿನ್ನದ ಬಣ್ಣದ ಚೈನಿನಿಂದ. ಅದು ಪಾಕ್ ದರ್ಮಾಂತೊ ಅವರದು.

“ನಿನಗೆ ಗೊತ್ತಿತ್ತಾ?” ಎಂದು ಸುಬಾಗ್ಯೊ ಪಿಸುಗುಟ್ಟಿದ.

“ಎಲ್ಲರಿಗೂ ಗೊತ್ತು,” ಎಂದ ಹರ್ಯಾದಿ. “ಹೇಳೋದು ಯಾರು?”

ಅಷ್ಟರಲ್ಲಿ ಪಾಕ್ ದರ್ಮಾಂತೊ ಕೈಯೆತ್ತಿ, ರಸ್ತೆ ಬದಿಯ ಶುಂಠಿ ಕಷಾಯದ ಅಂಗಡಿಯ ಮುಂದೆ ಎಲ್ಲರನ್ನೂ ನಿಲ್ಲಿಸಿದರು. ಅವರು ಕೆಟ್ಟ ಮನುಷ್ಯರಲ್ಲ. ಅದೇ ದೊಡ್ಡ ಕಷ್ಟವಾಯಿತು. ಚೀಲದಿಂದ ನೀಲಿ ಅಂಗಿ ತೆಗೆದು, ಸುಬಾಗ್ಯೊ ಎಂಬ ಹಳದಿ ಅಕ್ಷರ ಕಾಣುವಂತೆ ಬೆಂಚಿನ ಮೇಲಿಟ್ಟು, ನ್ಯಾಯ ಹೇಳಲು ಕೂತರು.

“ಸದ್ದು ಇನ್ನೂ ಇದೆ. ಆದ್ರೆ ಸುಮ್ಮಸುಮ್ಮನೆ ಒಬ್ಬರ ಮೇಲೆ ಹೊರಿಸಬಾರದು. ಮೊದಲು ಮಾಸ್ ಸುಬಾಗ್ಯೊ ಅವರ ಸೈಕಲ್ಲು ತಿರುಗಿಸಿ ನೋಡೋಣ. ಅದು ಸುಮ್ಮನಿದ್ರೆ ಅಂಗಿ ಅವರಿಗೆ. ಆಮೇಲೆ ಒಂದೊಂದಾಗಿ ಎಲ್ಲರದೂ ನೋಡೋಣ. ನನ್ನದೂ ಬಿಡೋದು ಬೇಡ.”

ಐದು ಮುಖಗಳು ಒಟ್ಟಿಗೆ ಬಿಳಿಚಿದವು. ಮೂರು ವಾರ ತಲೆಯಾಡಿಸಿದ ಐದು ಮುಖಗಳು ಅವು. ಅಂಗಡಿಯ ಹೆಂಗಸು, ಗಿರಾಕಿಗಳು, ಎಲ್ಲರೂ ನೋಡುತ್ತಿದ್ದರು. ಹರ್ಯಾದಿ ಸುಬಾಗ್ಯೊನ ಸೈಕಲ್ಲಿನ ಹಿಂದಿನ ಚಕ್ರ ಎತ್ತಿ ಹಿಡಿದ. ಪೆಡಲು ತಿರುಗಿಸುವ ಕೆಲಸ ಸುಬಾಗ್ಯೊನದೇ.

ಅವನು ಬಗ್ಗಿದ. ಪೆಡಲು ತಿರುಗಿತು, ನೂರೆಂಟು ಕೊಂಡಿಗಳು ತಿರುಗಿದವು, ಒಂದೂ ಉಸಿರೆತ್ತಲಿಲ್ಲ. ಇನ್ನು ಅರ್ಧ ನಿಮಿಷ ಸುಮ್ಮನಿದ್ದರೆ ಸಾಕು, ಅಂಗಿ ಅವನದು. ಅವನು ಬೆಂಚಿನ ಮೇಲಿನ ತನ್ನ ಹೆಸರನ್ನು ನೋಡಿದ. ಅದರ ಪಕ್ಕದಲ್ಲಿ ಕೈಕಟ್ಟಿ, ಕಿವಿ ನಿಮಿರಿಸಿ, ನ್ಯಾಯವಂತರಾಗಿ ಕೂತಿದ್ದ ಮುಖ್ಯಸ್ಥರ ನರೆತ ತಲೆಯನ್ನು ನೋಡಿದ. ಇಷ್ಟು ಜನರ ನಡುವೆ ಆ ತಲೆ ತಗ್ಗುವುದನ್ನು ನೆನೆಸಿಕೊಂಡರೆ ಅವನಿಗೇ ನಾಚಿಕೆಯಾಯಿತು. ಅವನು ಚೈನನ್ನು ಪರೀಕ್ಷಿಸುವವನಂತೆ ಇನ್ನೂ ಕೆಳಗೆ ಬಗ್ಗಿ, ಯಾರಿಗೂ ಕಾಣದಂತೆ ಹಲ್ಲು ಕಚ್ಚಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡ.

ಕಿಚ್.

“ನಾನು ಹೇಳ್ಲಿಲ್ವಾ,” ಎಂದರು ಪಾಕ್ ದರ್ಮಾಂತೊ.

ಐದು ತಲೆಗಳು ಆಡಿದವು. ಹರ್ಯಾದಿ ಚಕ್ರವನ್ನು ಮೆಲ್ಲಗೆ ಕೆಳಗಿಟ್ಟ. ಅವನ ಕಣ್ಣಂಚು ಒದ್ದೆಯಾಗಿತ್ತು. ಮಿಕ್ಕವರ ಸೈಕಲ್ಲು ನೋಡುವ ಅಗತ್ಯವೇ ಬೀಳಲಿಲ್ಲ. ಅಂಗಿ ಮಡಚಿಕೊಂಡು ಚೀಲಕ್ಕೆ ಹೋಯಿತು. ಸುಬಾಗ್ಯೊನ ಮುಖ ನೋಡಿ ಪಾಕ್ ದರ್ಮಾಂತೊ ಅವರಿಗೆ ಕನಿಕರ ಬಂತು. ಅವನಿಗೊಂದು ಲೋಟ ಕಷಾಯ ಕೊಡಿಸಿ, ಹೆಗಲ ಮೇಲೆ ಕೈಯಿಟ್ಟು ತಮ್ಮ ಸೈಕಲ್ಲಿನ ಹತ್ತಿರ ಕರೆದುಕೊಂಡು ಹೋದರು.

“ಬೇಜಾರು ಮಾಡ್ಕೋಬೇಡಿ ಮಾಸ್. ಚೈನನ್ನ ಅತಿಯಾಗಿ ತಿಕ್ಕಿದ್ರೆ ಹೀಗೇ ಆಗೋದು. ಇದನ್ನ ನೋಡಿ. ತಗೊಂಡು ಎರಡು ವರ್ಷ ಆಯ್ತು, ಒಂದು ಸಲಾನೂ ಕೈ ಹಚ್ಚಿಲ್ಲ. ಏನಾದ್ರೂ ಸದ್ದು ಇದೆಯಾ?”

“ಇಲ್ಲ ಪಾಕ್,” ಎಂದ ಸುಬಾಗ್ಯೊ.

ಬಳಗ ಮತ್ತೆ ಹೊರಟಿತು. ಏರಿನಲ್ಲಿ ಮುಂದಿನಿಂದ ಕಿಚ್, ಕಿಚ್ ಎಂದು ಕೇಳಿಬಂತು. ಪಾಕ್ ದರ್ಮಾಂತೊ ತಿರುಗಿ ನೋಡದೆ ಕೈಯೆತ್ತಿ, ಮಾಸ್ ಸುಬಾಗ್ಯೊ ಇನ್ನೂ ಸ್ವಲ್ಪ ಹಿಂದೆ ಬರಲಿ ಎಂದರು. ಸುಬಾಗ್ಯೊ ಇನ್ನೂ ಸ್ವಲ್ಪ ಹಿಂದೆ ಹೋದ.