ಮಾಳಿಗೆ ಮೇಲಿನ ಟಾಕಿ, ಕೆಳಗಿನ ಮಂದಿ

ಮನೆಯ ಮೇಲೆ ನೀರಿನ ಟಾಕಿ ಕೂಡ್ರಿಸುವುದು ನಗುವ ಕೆಲಸವಲ್ಲ. ಆದರೂ ನಾನು ಮಾಳಿಗೆ ಹತ್ತಿ, ನಗದೆ ಇಳಿದು ಬಂದ ಮನೆಗಳು ಕಡಿಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಪಾನಾ ಪಕ್ಕಡ ಕಟ್ಟಿಕೊಂಡು ಬಸ್ಸಿನಲ್ಲಿ ತಿರುಗುವ ಪ್ಲಂಬರ್ ನಾನು. ಈಗ ನಿಯಮಗಳು ಬೇರೆ ಬಿಗಿಯಾಗಿವೆ. ಟಾಕಿಗೆ ಗಟ್ಟಿ ಮುಚ್ಚಳ ಬೇಕು, ತುಂಬಿದ ಕೂಡಲೇ ನೀರು ತಾನಾಗಿ ನಿಲ್ಲಬೇಕು, ಹೆಚ್ಚಾದ ನೀರು ಎಲ್ಲರ ಕಣ್ಣಿಗೆ ಬೀಳುವಂತೆ ಹೊರಗೆ ಸುರಿಯಬೇಕು. ಇಷ್ಟಿದ್ದರೆ ಪುರಸಭೆಯವರು ನಳ ಕೊಡುತ್ತಾರೆ. ನಿಯಮದಲ್ಲಿ ಎಲ್ಲ ಇದೆ, ಮನೆಯಲ್ಲಿರುವ ಮನುಷ್ಯರ ಸುದ್ದಿ ಒಂದಿಲ್ಲ.

ಪಕ್ಕದ ಮನೆಯವರ ಗಾಡಿ

ಇಂಡಿಯಲ್ಲಿ ಔಷಧ ಅಂಗಡಿಯವರೊಬ್ಬರ ಮನೆಗೆ ಟಾಕಿ ಹಾಕಿದ್ದೆ. ಹೆಚ್ಚಾದ ನೀರಿನ ಪೈಪನ್ನು ನಿಯಮದ ಪ್ರಕಾರ ಓಣಿಯ ಕಡೆ ಚಾಚಿದ್ದೆ. ಕೆಲವು ತಿಂಗಳ ಮೇಲೆ ಅವರು ಫೋನ್ ಮಾಡಿದರು. ನೀರು ನಿಲ್ಲಿಸುವ ಒಳಗಿನ ಚೆಂಡು ಸಿಕ್ಕಿಕೊಂಡಿದೆ, ನಳ ಬಂದಾಗಲೆಲ್ಲ ಟಾಕಿ ತುಂಬಿ ಓಣಿಗೆ ಸುರಿಯುತ್ತದೆ ಎಂದರು. ಹೋಗಿ ಸರಿ ಮಾಡಿ ಬಂದೆ.

ಮರುದಿನ ಅವರ ಪಕ್ಕದ ಮನೆಯವರು ನನ್ನನ್ನು ಹುಡುಕಿಕೊಂಡು ಬಂದರು. ಮುಖ ಗಂಟಾಗಿತ್ತು.

"ಆ ಟಾಕಿ ರಿಪೇರಿ ಮಾಡಿದಾಂವ ನೀನ ಏನು?"

"ಹೌದ್ರಿ."

"ಯಾರನ್ನ ಕೇಳಿ ಮಾಡಿದಿ?"

"ಮನಿ ಮಾಲಕರನ್ನ ಕೇಳೇನ್ರಿ."

"ನನ್ನನ್ನ ಕೇಳಬೇಕಿತ್ತು."

ವಿಚಾರಿಸಿದರೆ ವಿಷಯ ಇಷ್ಟು. ಅವರು ದಿನಾ ತಮ್ಮ ಕಾರನ್ನು ಸರಿಯಾಗಿ ಆ ಪೈಪಿನ ಕೆಳಗೇ ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಎದ್ದು ಬರುವ ಹೊತ್ತಿಗೆ ಕಾರು ತೊಳೆದಿರುತ್ತಿತ್ತು. ಅವರು ಬಟ್ಟೆಯಿಂದ ಒರೆಸಿದರೆ ಮುಗೀತು. ಈಗ ಕಾರಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು.

"ಆಗಿದ್ದಾತು, ಈಗ ಏನ್ ಮಾಡೂಣ್ರಿ?" ಎಂದೆ.

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಸ್ವಲ್ಪ ಕೆಡಿಸಿ ಕೊಡು. ದಿನಾ ಸೋರೂದು ಬ್ಯಾಡ, ಅವರಿಗೆ ತ್ರಾಸ ಆಗ್ತೈತಿ. ಐತವಾರಕ್ಕೊಮ್ಮೆ ಸೋರೋ ಹಂಗ ಕೆಡಿಸು."

ಹಸಿ ಹಪ್ಪಳ

ಸಿಂದಗಿಯ ಆ ಮನೆಯ ಮೆಟ್ಟಿಲು ಸಣ್ಣದು, ಟಾಕಿ ದೊಡ್ಡದು. ಹಗ್ಗ ಕಟ್ಟಿ ಹೊರಗಿನಿಂದಲೇ ಮೇಲಕ್ಕೆಳೆಯಬೇಕಾಯಿತು. ಮನೆಯ ಮಗ ಓಣಿಯ ಗಂಡಸರನ್ನು ಕರೆತಂದ. ಮಾಳಿಗೆಯ ಅಂಚಿನಲ್ಲಿ ನಿಂತು ಎಲ್ಲರೂ ಎಳೆದೆವು. ಟಾಕಿ ಅಂಚಿನ ಸಮೀಪ ಬಂದಾಗ ಹಿಂದೆ ತಿರುಗಿ ನೋಡಿದರೆ ಇಡಲು ಜಾಗವೇ ಇಲ್ಲ. ನಾವು ಎಳೆಯುವಷ್ಟರಲ್ಲಿ ಮಗನ ತಾಯಿ ಹಳೇ ಸೀರೆ ಹಾಸಿ ಮಾಳಿಗೆ ತುಂಬ ಹಪ್ಪಳ ಹಾಕಿದ್ದರು.

"ಅವ್ವಾ, ಹಪ್ಪಳ ತೆಗಿ, ಟಾಕಿ ಬಂತು" ಎಂದ ಮಗ.

"ಇನ್ನೂ ಹಸಿ ಅದಾವು. ಈಗ ಎತ್ತಿದ್ರ ಮುದ್ದಿ ಆಗ್ತಾವು. ನೀವು ಹಂಗ ಹಿಡ್ಕೊಂಡು ನಿಂದರ್ರಿ."

"ಎಷ್ಟೊತ್ತು?"

"ಬಿಸಲು ಚಲೋ ಐತಿ. ಸಂಜಿತನಕ ಒಣಗ್ತಾವು."

ಹಗ್ಗ ಅಂಗೈಯಲ್ಲಿ ಜಾರತೊಡಗಿತ್ತು. ಕೆಳಗೆ ದಾರಿಹೋಕರು ತಲೆ ಎತ್ತಿ, ತೂಗಾಡುವ ಟಾಕಿ ನೋಡುತ್ತ ನಿಂತರು. ಕೊನೆಗೆ ಹಗ್ಗವನ್ನು ಕಂಬಕ್ಕೆ ಸುತ್ತಿ, ಅಷ್ಟು ಮಂದಿ ಗಂಡಸರು ಸೀರೆಯ ಅಂಚು ಹಿಡಿದು, ಒಂದು ಹಪ್ಪಳವೂ ಮಡಚದಂತೆ ಪಕ್ಕದ ಮಾಳಿಗೆಗೆ ಸಾಗಿಸಿದೆವು. ಅದರ ಮುಂದೆ ಟಾಕಿ ಎಳೆದದ್ದು ಏನೂ ಅಲ್ಲ.

ಪೈಪು ಜೋಡಿಸಿ ಮುಗಿಸಿದಾಗ ಆ ತಾಯಿ ಮತ್ತೆ ಹಪ್ಪಳ ತಂದು ಹಾಸಿದರು. ಅರ್ಧ ಹಪ್ಪಳ ಟಾಕಿಯ ನೆರಳಿಗೆ ಬಿದ್ದವು.

"ತಮ್ಮಾ, ಹೊತ್ತು ತಿರುಗಿದಂಗ ಇದನ್ನ ಸರಿಸಾಕ ಬರ್ತೈತೇನು?"

"ಇಲ್ರಿ ಅವ್ವಾರ, ಪೈಪು ಜೋಡಿಸೇನಿ."

ಅವರಿಗೆ ನನ್ನ ಮೇಲೆ ಕನಿಕರ ಬಂತು. "ಇರ್ಲಿ ಬಿಡು, ಮುಂದಿನ ಸಲ ನೆಳ್ಳು ಬೀಳಲಾರದ ಟಾಕಿ ನೋಡಿ ತಾ" ಎಂದರು.

ಕವಾಟ

ಬಸವನ ಬಾಗೇವಾಡಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಸಾವ್ಕಾರರೊಬ್ಬರು ನನ್ನನ್ನು ಕರೆಯದೆ ತಾವೇ ಟಾಕಿ ಕೂಡ್ರಿಸಿಕೊಂಡಿದ್ದರು. ಪರೀಕ್ಷೆ ಮಾಡಲು ಬಂದ ಪುರಸಭೆಯ ನೌಕರ ಮಾಳಿಗೆಯಿಂದಲೇ ನನಗೆ ಫೋನ್ ಮಾಡಿದ. "ಒಮ್ಮೆ ಬಂದು ಹೋಗು ಮಾರಾಯ, ಇದು ನನಗ ಬಗೀಹರಿಯವಲ್ದು" ಎಂದ.

ಹೋಗಿ ನೋಡಿದೆ. ಟಾಕಿಯೊಳಗೆ ಮಕ್ಕಳು ಆಡುವ ಕೆಂಪು ರಬ್ಬರ್ ಚೆಂಡು ತೇಲುತ್ತಿತ್ತು. ಟಾಕಿಯ ಪಕ್ಕದಲ್ಲಿ ಬಟ್ಟೆ ಇಡುವ ಹಳೇ ಕಬ್ಬಿಣದ ಕಪಾಟು ನಿಂತಿತ್ತು.

"ಸಾವ್ಕಾರ್ರ, ಇದೇನ್ರಿ?"

ಅವರು ಪುರಸಭೆಯ ನೋಟೀಸನ್ನು ಓದಿ ಹೇಳಿದರು. "'ಟಾಕಿಗೆ ತೇಲು ಚೆಂಡಿನ ಕವಾಟ ಇರತಕ್ಕದ್ದು' ಅಂತ ಬರದೈತಿ. ಚೆಂಡು ತೇಲಾಕತ್ತೈತಿ. ಕಪಾಟ ಟಾಕಿ ಒಳಗ ಹಿಡೀಲಿಲ್ಲ, ಮಗ್ಗಲಾಗ ಇಟ್ಟೇನಿ."

ಕವಾಟ ಎಂದರೆ ನೀರು ನಿಲ್ಲಿಸುವ ವಾಲ್ವ್ ಎಂದು ನೌಕರ ತಿಳಿಸಿ ಹೇಳಿದ. ಸಾವ್ಕಾರರು ಶಾಂತವಾಗಿ ಕೇಳಿಸಿಕೊಂಡರು.

"ವಾಲ್ ಅಂತ ಬರದಿದ್ರ ಅಂಗಡಿಗೆ ಹೋಗಿ ತರತಿದ್ನಿ. ನೀವು ಕಪಾಟ ಕೇಳಿದ್ರಿ. ಅದನ್ನ ಮ್ಯಾಲ ಹೊತ್ತು ತಂದವರ ಸೊಂಟ ಹಿಡದೈತಿ, ಅದಕ್ಕ ಯಾವ ನಿಯಮ ಐತಿ ಹೇಳ್ರಿ."

ವಾಲ್ವ್ ಹಾಕಿಕೊಟ್ಟೆ. ಕಪಾಟು ಇಳಿಸಲು ಮಾತ್ರ ಯಾರೂ ಬರಲಿಲ್ಲ. ಈಗ ಅದರಲ್ಲಿ ಪಾರಿವಾಳ ಇವೆ.

ಗಟ್ಟಿ ಮುಚ್ಚಳ

ಮುದ್ದೇಬಿಹಾಳದಲ್ಲಿ ನಿವೃತ್ತ ಹೆಡ್‌ಮಾಸ್ತರರ ಮನೆ. ಮಾಸ್ತರರಿಗೆ ಶುಗರ್ ಇತ್ತು. ಅವರ ಹೆಂಡತಿ ಮನೆಯಲ್ಲಿ ಬೆಲ್ಲದ ಡಬ್ಬಿಗೂ ಕೀಲಿ ಹಾಕಿದ್ದರು.

ಟಾಕಿಯ ತಳದಲ್ಲಿ ಪೈಪು ಜೋಡಿಸಬೇಕಾದರೆ ಒಬ್ಬ ಒಳಗೆ ಕೂತು ನಟ್ಟು ಹಿಡಿಯಬೇಕು, ಇನ್ನೊಬ್ಬ ಹೊರಗೆ ತಿರುಗಿಸಬೇಕು. ನಾನು ಒಳಗೆ ಇಳಿದೆ. ಹೊರಗಿದ್ದ ನನ್ನ ಜೋಡೀದಾರ ನೋಡಿದರೆ ವಾಷರ್ ಸೀಳಿತ್ತು. "ನೀ ಅಲ್ಲೇ ಇರು, ಪ್ಯಾಟಿಗೆ ಹೋಗಿ ತರ್ತೇನಿ" ಎಂದು ಹೋದ. ಸಣ್ಣ ಬಾಯಿಯ ಟಾಕಿ, ಮತ್ತೆ ಹತ್ತಿ ಇಳಿಯುವುದು ಯಾಕೆ ಎಂದು ನಾನು ಒಳಗೇ ಕೂತೆ.

ಸ್ವಲ್ಪ ಹೊತ್ತಿಗೆ ಹೆಜ್ಜೆ ಸಪ್ಪಳ ಕೇಳಿಸಿತು. ಆಮೇಲೆ ಕಾಗದ ಬಿಚ್ಚುವ ಸಪ್ಪಳ. ಆಮೇಲೆ ಬಿಸಿ ಜಿಲೇಬಿಯ ವಾಸನೆ. ಟಾಕಿಗೆ ಒರಗಿ ಯಾರೋ ಮೆಲ್ಲಗೆ, ಬಲು ಸುಖವಾಗಿ ತಿನ್ನುತ್ತಿದ್ದರು. ನನಗೆ ಕೆಮ್ಮು ಬಂತು. ಟಾಕಿಯೊಳಗೆ ಕೆಮ್ಮಿದರೆ ಗುಡುಗಿದ ಹಾಗೆ ಕೇಳುತ್ತದೆ. ಮೇಲಿನ ಬಾಯಿಯಲ್ಲಿ ಮಾಸ್ತರರ ಬಿಳಚಿದ ಮುಖ ಕಾಣಿಸಿತು.

"ಯಾರು ಒಳಗ?"

"ನಾನ್ರಿ ಸರ, ಪ್ಲಂಬರ್."

"ಯಾವಾಗಿಂದ ಅದಿ?"

"ಜಿಲೇಬಿಗಿಂತ ಮೊದಲಿಂದ ಅದೇನ್ರಿ."

ಮಾಸ್ತರರ ಮುಖ ಸರಿಯಿತು. ಒಂದು ಜಿಲೇಬಿ ಹಿಡಿದ ಕೈ ಒಳಗಿಳಿಯಿತು. "ತಗೋ. ನೀ ಏನೂ ನೋಡಿಲ್ಲ."

"ಇಲ್ಲಿಂದ ಏನೂ ಕಾಣಂಗಿಲ್ರಿ" ಎಂದು ಇಸಿದುಕೊಂಡೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವರ ಹೆಂಡತಿಯ ಬಳೆ ಸಪ್ಪಳ. ಒಮ್ಮೆಲೇ ಕತ್ತಲಾಯಿತು. ಮಾಸ್ತರರು ಮುಚ್ಚಳ ಹಾಕಿ ಅದರ ಮೇಲೆ ಕೂತಿದ್ದರು. ಟಾಕಿಯ ನೆತ್ತಿ ಕುಸಿದು ನನ್ನ ತಲೆಗೆ ತಾಗಿತು.

"ಅಲ್ಲಿ ಯಾಕ ಕುಂತೀರಿ?" ಹೆಂಡತಿಯ ದನಿ.

"ಮುಚ್ಚಳ ಗಟ್ಟಿ ಐತೋ ಇಲ್ಲೋ ನೋಡಾಕತ್ತೇನಿ. ಪುರಸಭೆಯವರ ನಿಯಮ ಐತಿ."

"ಪ್ಲಂಬರ್ ಎಲ್ಲಿ?"

"ಚಾ ಕುಡಿಯಾಕ ಹೋಗ್ಯಾನ."

"ಮತ್ತ ಗಟ್ಟಿ ಐತೇನು?"

ನನಗೆ ಉಸಿರು ಕಟ್ಟತೊಡಗಿತ್ತು. ಒಳಗಿನಿಂದ ಹೇಳಿದೆ, "ಭಾಳ ಗಟ್ಟಿ ಐತ್ರೀ ಅಕ್ಕಾರ."

ಮುಚ್ಚಳ ತೆರೆಯಿತು. ಎರಡು ಮುಖಗಳು ಬಗ್ಗಿ ನೋಡಿದವು. ನನ್ನ ಕೈಯಲ್ಲಿ ಅರ್ಧ ಜಿಲೇಬಿ, ಉಳಿದರ್ಧ ಬಾಯಲ್ಲಿ. ಮಾಸ್ತರರು ಶಾಲೆಯಲ್ಲಿ ಹುಡುಗರನ್ನು ಗದರಿಸುವ ದನಿ ತೆಗೆದರು.

"ಕುಡಿಯೋ ನೀರಿನ ಟಾಕ್ಯಾಗ ಕುಂತು ಜಿಲೇಬಿ ತಿಂತೀಯೇನೋ? ಸ್ವಲ್ಪರೆ ನಾಚಿಕಿ ಐತೇನು ನಿನಗ?"

ನಾನು ಬಾಯಲ್ಲಿದ್ದದ್ದನ್ನು ಗಬಕ್ಕನೆ ನುಂಗಿದೆ. ಅವರ ಹೆಂಡತಿ ನನ್ನನ್ನು ನೋಡಿದರು, ಆಮೇಲೆ ನಿಧಾನಕ್ಕೆ ಗಂಡನ ಕಡೆ ತಿರುಗಿದರು.

"ಅಂವ ತಿನ್ಲಿ ಬಿಡ್ರಿ, ನೀವು ಮೊದಲ ಮೀಸಿ ಒರಿಸ್ಕೊಳ್ರಿ" ಎಂದರು.