ಕಿಟಕಿ ಸೀಟಿನ ತಲೆನೋವು

ಡಾಕ್ಟರ ಮುಂದೆ ಕೂತ ಕೂಡಲೇ ಜನರ ಬುದ್ಧಿ ಎಲ್ಲಿಗೆ ಹೋಗುತ್ತದೋ, ನನಗಂತೂ ಇನ್ನೂ ತಿಳಿದಿಲ್ಲ. ಬೆಳಿಗ್ಗೆ ಸಾಂತಾಕ್ರೂಜ್‌ನಲ್ಲಿ, ಸಂಜೆ ದಹಿಸರ್‌ನಲ್ಲಿ ನನ್ನ ದವಾಖಾನೆ. ಮನೆ ದಹಿಸರ್‌ನಲ್ಲೇ; ದಿನಾ ಲೋಕಲ್ ರೈಲಿನಲ್ಲಿ ನಿಂತೇ ಹೋಗುವ ಪಾಪಿ ನಾನು. ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಆದರೆ ಈಚೆಗೆ ಒಬ್ಬ ಹುಡುಗನ ತಲೆನೋವು ನನ್ನ ತಲೆ ತಿಂದ ಹಾಗೆ ಬೇರೆ ಯಾವುದೂ ತಿಂದಿಲ್ಲ.

೧. ಹಣೆ ಹೌಸ್‌ಫುಲ್

ವಿಜಯಪುರದ ಕಡೆಯ ತಾಯಿಯೊಬ್ಬಳು ಮಗನನ್ನು ದಹಿಸರ್ ದವಾಖಾನೆಗೆ ಕರೆತಂದಳು. ಇಪ್ಪತ್ನಾಲ್ಕರ ಹುಡುಗ, ಚರ್ಚ್‌ಗೇಟ್ ಕಡೆಯ ಆಫೀಸಿನಲ್ಲಿ ಹೊಸ ನೌಕರಿ. ಎರಡು ದಿನಕ್ಕೊಮ್ಮೆ ತಲೆನೋವು, ಆಗೆಲ್ಲ ಅರ್ಧ ದಿನ ರಜೆ. ಇನ್ನೊಂದು ರಜೆ ಹಾಕಿದರೆ ನೌಕರಿ ಕಾಯಂ ಆಗುವುದಿಲ್ಲ ಎಂದು ಸಾಹೇಬರು ಹೇಳಿಬಿಟ್ಟಿದ್ದರು.

ಹುಡುಗನ ಹಣೆ ನೋಡಿ ಗಾಬರಿಯಾದೆ. ಎಡಕ್ಕೆ ಒಣಶುಂಠಿ, ಬಲಕ್ಕೆ ಲವಂಗ, ನಡುವೆ ಸುಣ್ಣ, ಹುಬ್ಬಿನ ಮೇಲೆ ಎರಡು ಬಣ್ಣದ ಬಾಮು. ಅವರ ಸಾಲುಮನೆಯ ಚಾಳಿನ ಒಬ್ಬೊಬ್ಬ ಹೆಂಗಸಿನದು ಒಂದೊಂದು ಮದ್ದು.

"ಇದನ್ನ ಒರಸಬಾರದೇನವಾ?" ಎಂದೆ.

"ಒರಸಿದ್ರ ಅವರಿಗೆ ಸಿಟ್ಟು ಬರ್ತೈತ್ರಿ. ನಾಳೆ ನಳದ ಸಾಲಿನ್ಯಾಗ ಅವರ ಜೋಡಿನ ನಿಂದ್ರಬೇಕಲ್ರಿ?"

"ಹಂಗಾದ್ರ ನಾ ಏನ್ ಮಾಡ್ಲಿ?"

ತಾಯಿ ಮಗನ ತಲೆಯನ್ನು ಅತ್ತ ತಿರುಗಿಸಿದಳು. "ಹಿಂದ ಜಾಗ ಐತ್ರಿ. ನೀವೂ ಏನರ ಹಚ್ಚಿಬಿಡ್ರಿ."

೨. ಅಡ್ವಾನ್ಸ್ ನೀರು

ಬಿಪಿ, ಕಣ್ಣು, ಕತ್ತು ಎಲ್ಲ ಸರಿಯಿತ್ತು. ಈ ವಯಸ್ಸಿನವರ ತಲೆನೋವಿಗೆ ಬಹಳ ಸಲ ದೊಡ್ಡ ಕಾರಣವೇ ಬೇಕಿಲ್ಲ. ನಿದ್ದೆಗೇಡು, ಖಾಲಿ ಹೊಟ್ಟೆ, ನೀರು ಕುಡಿಯದಿರುವುದು, ಗದ್ದಲ, ಇಷ್ಟೇ ಸಾಕು. ಮಾತುಮಾತಿಗೆ ಗುಳಿಗೆ ನುಂಗಿದರೆ ಆ ಗುಳಿಗೆಯಿಂದಲೇ ಇನ್ನೊಂದು ತಲೆನೋವು. "ಹೊತ್ತಿಗೆ ಸರಿಯಾಗಿ ಮಲಗು, ತಿಂದು ಹೊರಡು, ನೀರು ಕುಡಿ," ಎಂದು ಹೇಳಿ ಕಳಿಸಿದೆ.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಈ ಮಹಾಶಯ ಇಡೀ ದಿನದ ನೀರನ್ನು ಲೋಕಲ್ ಹತ್ತುವ ಮೊದಲೇ ಕುಡಿದು ಮುಗಿಸಿದ. "ಆಫೀಸ್‌ನ್ಯಾಗ ಟೈಮ್ ಸಿಗಂಗಿಲ್ರಿ, ಅದಕ್ಕ ಅಡ್ವಾನ್ಸ್," ಎಂದು ಮರುದಿನ ಬಂದು ವಿವರಿಸಿದ. ಬೋರಿವಲಿಯಲ್ಲಿ ಇಳಿದು ಓಡಿದನಂತೆ, ಅಂಧೇರಿಯಲ್ಲಿ ಇಳಿದು ಓಡಿದನಂತೆ, ದಾದರ್‌ನಲ್ಲೂ ಅದೇ ಕಥೆ. ಆಫೀಸು ಮುಟ್ಟಿದಾಗ ಉಳಿದವರು ಊಟಕ್ಕೆ ಕೂತಿದ್ದರು.

"ತಲಿನೋವು ಬಂದಿತ್ತೇನೋ?"

"ಆ ಕಡೆ ಲಕ್ಷ್ಯನ ಹೋಗ್ಲಿಲ್ರಿ!"

೩. ತಾಳಕ್ಕೊಂದು ಸೀಟು

ಕೆದಕಿ ಕೆದಕಿ ಕೇಳಿದೆ. ನೋವು ರವಿವಾರ ಬರುವುದಿಲ್ಲ, ಮನೆಯಲ್ಲಿ ಬರುವುದಿಲ್ಲ. ಲೋಕಲ್ ಅಂಧೇರಿ ದಾಟುವಾಗಲೇ ಶುರು.

"ಗದ್ದಲದಾಗ ನಿಂತು ನಿಂತು ಬರ್ತೈತೇನೋ?"

"ನಿಲ್ಲೂದ್ಯಾಕ್ರಿ? ನನಗ ಕಿಟಕಿ ಸೀಟು ಐತ್ರಿ!"

ವಿರಾರ್ ಲೋಕಲ್ ದಹಿಸರ್‌ಗೆ ಬರುವಷ್ಟರಲ್ಲಿ ಕಾಲೂರಲೂ ಜಾಗವಿರುವುದಿಲ್ಲ. ಇವನಿಗೆ ಕಿಟಕಿ ಸೀಟು! ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ.

ವಿಷಯ ಇಷ್ಟು. ಅವನು ಹತ್ತುವ ರೈಲು ಡಬ್ಬಿಯಲ್ಲಿ ದಿನಾ ಬೆಳಿಗ್ಗೆ ಒಂದು ಭಜನಾ ಮಂಡಳಿ ಹಾಡುತ್ತ ಹೋಗುತ್ತದೆ. ವಿರಾರ್‌ನಲ್ಲಿ ಹತ್ತಿದವರು, ತಾಳ ಬಾರಿಸುವ ಈ ಹುಡುಗನಿಗೆಂದು ಸೀಟು ಹಿಡಿದಿಡುತ್ತಾರೆ. ಕಿವಿಗೆ ತಾಗಿದಂತೆ ಢೋಲಕಿ, ಮೂಗಿನ ಕೆಳಗೆ ತನ್ನದೇ ಹಿತ್ತಾಳೆ ತಾಳ, ಹೊಟ್ಟೆಯಲ್ಲಿ ಬರೀ ಚಹಾ. ತಲೆ ನೋಯದೆ ಇನ್ನೇನಾದೀತು?

"ಆ ತಾಳ ಬಿಡೋ ತಮ್ಮಾ, ನೌಕರಿ ಹೋಗ್ತೈತಿ," ಎಂದೆ.

"ನೌಕರಿ ಹೋದ್ರ ಇನ್ನೊಂದು ಹುಡುಕಬಹುದ್ರಿ. ಕಿಟಕಿ ಸೀಟು ಎಲ್ಲಿ ಸಿಗಬೇಕ್ರಿ?"

೪. ಗುಣವಾಯಿತು

ತಾಯಿ ಕಣ್ಣೀರು ಹಾಕಿದಳು. ಮನೆ ನಡೆಯುವುದೇ ಆ ಸಂಬಳದ ಮೇಲೆ. ಅವಳ ಸಂಕಟ ನೋಡಲಾರದೆ ಮರುದಿನ ನಾನೇ ಅವನ ಬೆನ್ನು ಹತ್ತಿ ಆ ಡಬ್ಬಿಗೆ ನುಗ್ಗಿದೆ. ಮಂಡಳಿಯ ಹಿರಿಯರಿಗೆ ಕೈಮುಗಿದು ಎಲ್ಲ ಹೇಳಿದೆ. ಪುಣ್ಯಾತ್ಮರು, ಅಲ್ಲೇ ಹುಡುಗನ ಕೆಲಸ ಬದಲಿಸಿದರು. ತಾಳ ಬೇಡ, ಡಬ್ಬಿಯ ಆ ತುದಿಗೆ ಹೋಗಿ ಪ್ರಸಾದ ಹಂಚು ಎಂದರು. ಹಿರಿಯರ ಮಾತು ಮೀರಲಾಗದೆ ಹುಡುಗ ಸೀಟು ಬಿಟ್ಟು ಎದ್ದ. ಗದ್ದಲ ದೂರವಾಯಿತು. ಹಂಚುತ್ತ ಹಂಚುತ್ತ ಎರಡು ಬಾಳೆಹಣ್ಣು ಅವನ ಹೊಟ್ಟೆಗೂ ಬಿತ್ತು.

ತಿಂಗಳಾದ ಮೇಲೆ ತಾಯಿ, ಮಗ ಪೇಢೆ ಹಿಡಿದು ಬಂದರು. ರಜೆ ಇಲ್ಲ, ನೌಕರಿ ಕಾಯಂ! ನನಗೆ ನಿಜಕ್ಕೂ ಬಹಳ ಸಂತೋಷವಾಯಿತು. ಆದರೆ ಪೇಢೆ ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ, ಎರಡೂ ಕೈಯಲ್ಲಿ ಹಣೆ ಒತ್ತಿ ಹಿಡಿದಿದ್ದೆ.

"ಏನಾತ್ರಿ ಸಾಹೇಬ್ರ?" ಎಂದು ತಾಯಿ ಗಾಬರಿಯಾದಳು.

"ತಲಿನೋವು. ಒಂದು ತಿಂಗಳಾತು."

ಹುಡುಗ ಮುಸಿಮುಸಿ ನಗುತ್ತ ಅಂದ, "ಯವ್ವಾ, ನನ್ನ ತಾಳ ಈಗ ಡಾಕ್ಟರ್ರು ಬಾರಸ್ತಾರ."

ತಾಯಿ ಚೀಲದಿಂದ ಶುಂಠಿಯ ಡಬ್ಬಿ ತೆಗೆದು ಕೇಳದೆಯೇ ನನ್ನ ಹಣೆಗೆ ಬಳಿದಳು. ಆಮೇಲೆ ನನ್ನದೇ ದನಿಯಲ್ಲಿ, "ಹೊತ್ತಿಗೆ ಸರಿಯಾಗಿ ಮಲಗ್ರಿ, ತಿಂದು ಹೊರಡ್ರಿ, ನೀರು ಕುಡೀರಿ. ಮೊದಲ ಆ ತಾಳ ಬಿಡ್ರಿ," ಎಂದಳು.

"ಬಿಡಬಹುದವಾ," ಎಂದೆ, "ಆದ್ರ ಕಿಟಕಿ ಸೀಟು ಎಲ್ಲಿ ಸಿಗಬೇಕು?"