ಮಾವ ಮತ್ತು ಸ್ಲಾತಿನ ಹೊಟ್ಟೆ

ನಮ್ಮ ಮನೆಯಲ್ಲೇ ಇರುವ ಸೋದರಮಾವ ದೇವರನ್ನು ನಂಬುತ್ತಾರೆ. ಪ್ರಸಾದವನ್ನು ಮಾತ್ರ ಮೂಸಿ ನೋಡಿಯೇ ಬಾಯಿಗಿಡುತ್ತಾರೆ! ತಪ್ಪು ಅವರದಲ್ಲ ಬಿಡಿ, ಆದವಾನಿಯ ಹತ್ತಿ ಮಾರ್ಕೆಟ್ಟಿನದು. ಹತ್ತಿ ಮೇಲೆ ಎಷ್ಟೇ ಬೆಳ್ಳಗೆ ಕಂಡರೂ, ತೂಕ ಬರಲೆಂದು ಒಳಗೆ ನೀರು ಚಿಮುಕಿಸಿರಬಹುದು. ಅದಕ್ಕೇ ಕೊಳ್ಳುವವರು ಮೊಣಕೈವರೆಗೆ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ಕಿತ್ತು ನೋಡುತ್ತಾರೆ. ಜೀವಮಾನವೆಲ್ಲ ಅಲ್ಲಿ ಹತ್ತಿ ಕೊಳ್ಳುತ್ತ ಇದನ್ನೇ ಮಾಡಿದ ಮಾವನ ಕೈ ಮನೆಗೆ ಬಂದರೆ ಸುಮ್ಮನಿರುತ್ತದೆಯೇ? ನನಗೆ ಹೆಣ್ಣು ನೋಡಲು ಹೊಳಗುಂದಕ್ಕೆ ಹೋದಾಗ ಮಾವ ಅವರ ಜೋಳದ ಚೀಲದೊಳಗೆ ಕೈ ಹಾಕಿ ನಿಂತುಬಿಟ್ಟರು. ಹುಡುಗಿಯನ್ನು ನೋಡಲೇ ಇಲ್ಲ! ಅವರ ಹೆಂಡತಿ, ನಮ್ಮ ಅತ್ತೆ, ತೀರಿಕೊಳ್ಳುವ ಮೊದಲು ಹತ್ತಿ ಹಿಂಜಿ ತುಂಬಿಕೊಟ್ಟ ದಿಂಬನ್ನಂತೂ ಎಲ್ಲಿಗೆ ಹೋದರೂ ಬಗಲಲ್ಲೇ ಒಯ್ಯುತ್ತಾರೆ. ಬಿಟ್ಟರೆ ಕದಿಯುತ್ತಾರಂತೆ!

ಇಂಥವರ ಮುಂದೆ ನನ್ನ ಮಗಳು ನೆಲದ ಸ್ಲಾತ್ ಎಂಬ ಪ್ರಾಣಿಯ ಬೊಂಬೆಯನ್ನು ತಂದು ನಿಲ್ಲಿಸಿದಳು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬಿದಿರು, ಗೋಣಿತಾಟು, ಹತ್ತಿ ಸೇರಿಸಿ ತಾನೇ ಮಾಡಿದ್ದು. ಅಮೆರಿಕದಲ್ಲಿದ್ದ, ಆನೆ ಗಾತ್ರದ, ಎಂದೋ ಅಳಿದುಹೋದ ಪ್ರಾಣಿ ಎಂದು ವಿವರಿಸಿದಳು. ಸರ್ ಹೊಗಳಿದ್ದು ಅವಳಿಗೆ ಸಾಲದು, ತಾತ ಒಮ್ಮೆ ಚಲೋ ಐತಿ ಅನ್ನಬೇಕು!

ಕಂಡವರು ಯಾರು ಎಂದರು ಮಾವ. ಎಲುಬು ಸಿಕ್ಕಿವೆ ಎಂದಳು. ಆ ಎಲುಬು ಇದರದೇ ಎಂದವರು ಯಾರು ಎಂದರು. ಆಮೇಲೆ ಉಗುರು ಹಿಡಿದು ನೋಡಿದರು.

"ಏನು ತಿಂತಿತ್ತಂತ ಇದು?"

"ಸೊಪ್ಪು, ತಾತ."

"ಸೊಪ್ಪು ತಿನ್ನಾಕ ಇಷ್ಟುದ್ದ ಉಗುರು ಯಾಕವ್ವ? ಇದರಾಗ ಏನೋ ಮೋಸ ಐತಿ."

ಟೊಂಗೆ ಬಗ್ಗಿಸಲು ಎಂದು ಅವಳು ಹೇಳುವಷ್ಟರಲ್ಲಿ ಕೈ ಹೊಟ್ಟೆಯೊಳಗೆ ಹೋಗಿಯೇಬಿಟ್ಟಿತ್ತು! ಹೊಲಿಗೆ ಬಿಚ್ಚಿತು, ಒಂದು ಹಿಡಿ ಹತ್ತಿ ಹೊರಬಂತು.

"ತ್ಯಾವ ಐತಿ," ಎಂದರು.

ನಿಜ, ಒಳಗಿನ ಅಂಟು ಇನ್ನೂ ಆರಿರಲಿಲ್ಲ. ಮಗಳು ಅಳುತ್ತ ಕೋಣೆ ಸೇರಿದಳು. ಮಾವನ ಮೇಲೆ ನನಗೆ ಎಂದೂ ಬರದಷ್ಟು ಸಿಟ್ಟು ಬಂತು.

ಬೆಳಿಗ್ಗೆ ನೋಡಿದರೆ ಸ್ಲಾತಿನ ಹೊಟ್ಟೆ ಹೊಲಿದಿತ್ತು, ಮೊದಲಿಗಿಂತ ದುಂಡಗಿತ್ತು. ಮಾವನ ಮಂಚದ ಮೇಲೆ ದಿಂಬಿನ ಖಾಲಿ ಗವಸು ಮಡಚಿಟ್ಟಿತ್ತು.

ಅಂಥ ಪ್ರಾಣಿ ಇತ್ತೆಂದು ಅವರು ಈಗಲೂ ನಂಬಿಲ್ಲ. ಆದರೂ ಪ್ರದರ್ಶನದಲ್ಲಿ ಅದರ ಪಕ್ಕ ಬಿಟ್ಟು ಕದಲಲಿಲ್ಲ. ಯಾರೋ ಹೊಟ್ಟೆ ಅದುಮಲು ಬಂದಾಗ ಕೈ ಅಡ್ಡ ಚಾಚಿದರು.

"ಕೈ ಹಾಕಬ್ಯಾಡ್ರಿ. ನಾ ನೋಡೀನಿ. ಒಳಗ ಚಲೋ ಐತಿ."

ಮಗಳು ಆ ಚಾಚಿದ ಕೈಯನ್ನು ಹಿಡಿದುಕೊಂಡಳು. ಮಾವ ಬಿಡಿಸಿಕೊಳ್ಳಲಿಲ್ಲ.